ಕ್ಯಾಂಪ್‌ಗ್ರೌಂಡ್ ಕಂಬಕ್ಕೆ ಆರ್‌ವಿ ಪ್ಲಗ್ ಚುಚ್ಚುವ ಮುನ್ನ: ನನ್ನ ಅನುಭವ

ಆರ್‌ವಿ ಎಂದರೆ ಅಡುಗೆ, ಮಲಗುವ ವ್ಯವಸ್ಥೆ ಎಲ್ಲ ಇರುವ ಮನೆಗಾಡಿ. ಅದನ್ನು ನಿಲ್ಲಿಸಿ ಕಂಬದಿಂದ ಕರೆಂಟ್ ಪಡೆಯಬಹುದಾದ ಸೈಟ್ ಅಮೆರಿಕದ ನ್ಯಾಷನಲ್ ಪಾರ್ಕ್‌ಗಳಲ್ಲಿ ಅಪರೂಪ. ಯೊಸೆಮಿಟಿಯ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಹುಕಪ್ (ಗಾಡಿಗೆ ಕರೆಂಟ್, ನೀರು ಜೋಡಿಸುವ ವ್ಯವಸ್ಥೆ) ಇಲ್ಲವೇ ಇಲ್ಲ. ಯೆಲ್ಲೋಸ್ಟೋನ್‌ನಲ್ಲಿ ಇರುವುದು ಫಿಶಿಂಗ್ ಬ್ರಿಜ್ ಆರ್‌ವಿ ಪಾರ್ಕ್ ಒಂದರಲ್ಲೇ. ಸ್ಟೇಟ್ ಪಾರ್ಕ್‌ಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಬುಕ್ ಮಾಡುವಾಗ ‘ಎಲೆಕ್ಟ್ರಿಕ್’ ಎಂದಿದ್ದರೆ ಸಾಲದು, 20, 30, 50 ಇವುಗಳಲ್ಲಿ ಯಾವ ಆಂಪ್ ಎಂದು ಸೈಟ್‌ನ ವಿವರದಲ್ಲಿ ನೋಡಿಕೊಳ್ಳುತ್ತೇನೆ.

30 ಆಂಪ್ ಎಂದರೆ ಮೂರು ಪಿನ್, 120 ವೋಲ್ಟ್, ಗರಿಷ್ಠ 3,600 ವ್ಯಾಟ್. 50 ಆಂಪ್ ಎಂದರೆ ಇದಕ್ಕಿಂತ ಸ್ವಲ್ಪವೇ ಹೆಚ್ಚು ಅಂದುಕೊಳ್ಳಬೇಡಿ. ಅದರಲ್ಲಿ ನಾಲ್ಕು ಪಿನ್, ತಲಾ 50 ಆಂಪ್‌ನ ಎರಡು ಫೇಸ್, ಒಟ್ಟು 12,000 ವ್ಯಾಟ್. ಮನೆಯಲ್ಲಿ ಬಟ್ಟೆ ಒಣಗಿಸುವ ಡ್ರೈಯರ್‌ನ 30 ಆಂಪ್ ಸಾಕೆಟ್ 240 ವೋಲ್ಟ್‌ನದು. ಆರ್‌ವಿಗೆ ಅದೇ ಸರಿ ಎಂದು ವೈರಿಂಗ್ ಮಾಡಿಸಿಕೊಂಡರೆ ಒಳಗಿನ ಮೈಕ್ರೋವೇವ್, ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್ ಎಲ್ಲ ಸುಟ್ಟುಹೋಗುತ್ತವೆ.

ಸೈಟ್ ತಲುಪಿದ ಕೂಡಲೇ, ಗಾಡಿಯನ್ನು ಮಟ್ಟ ಮಾಡುವ ಮೊದಲೇ, ಕಂಬದ ಹತ್ತಿರ ಹೋಗುತ್ತೇನೆ. ಬ್ರೇಕರ್ ಆಫ್ ಮಾಡಿ ಸಾಕೆಟ್‌ನ ಮುಖ ನೋಡುತ್ತೇನೆ: ಕಂದುಬಣ್ಣ, ಕರಗಿದ ಪ್ಲಾಸ್ಟಿಕ್, ಬಿರುಕು ಕಂಡರೆ ಬೇರೆ ಸೈಟ್ ಕೇಳುತ್ತೇನೆ. ಚೆನ್ನಾಗಿದ್ದರೆ ಬ್ರೇಕರ್ ಆನ್ ಮಾಡಿ ಮಲ್ಟಿಮೀಟರ್ ಹಿಡಿಯುತ್ತೇನೆ. 30 ಆಂಪ್ ಸಾಕೆಟ್‌ನಲ್ಲಿ ಫೇಸ್‌ನಿಂದ ನ್ಯೂಟ್ರಲ್‌ಗೂ ಅರ್ಥ್‌ಗೂ ಸುಮಾರು 120, ನ್ಯೂಟ್ರಲ್‌ನಿಂದ ಅರ್ಥ್‌ಗೆ ಹತ್ತಿರ ಹತ್ತಿರ ಸೊನ್ನೆ ಬರಬೇಕು. ಅರ್ಥ್ ಕಡಿದಿದ್ದರೆ ಎಲ್ಲವೂ ಮಾಮೂಲಿನಂತೆ ಓಡುತ್ತದೆ, ಆದರೆ ಒಳಗೆ ಎಲ್ಲಾದರೂ ಲೀಕ್ ಆದಾಗ ಗಾಡಿಯ ಮೈಯೇ ಶಾಕ್ ಹೊಡೆಯುತ್ತದೆ. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತ ಮಕ್ಕಳು ಬಾಗಿಲ ಹಿಡಿ ಮುಟ್ಟುತ್ತಾರೆ, ಅದಕ್ಕೇ ಈ ಪರೀಕ್ಷೆಯನ್ನು ಒಮ್ಮೆಯೂ ಬಿಡುವುದಿಲ್ಲ. ಮತ್ತೆ ಬ್ರೇಕರ್ ಆಫ್, ಇಎಂಎಸ್ (ವೋಲ್ಟೇಜ್ ಹೆಚ್ಚುಕಡಿಮೆಯಾದರೆ ತಾನೇ ಕರೆಂಟ್ ಕಡಿಯುವ ಸಾಧನ) ಇರುವ ಸರ್ಜ್ ಪ್ರೊಟೆಕ್ಟರ್, ಅದಕ್ಕೆ ಗಾಡಿಯ ಕೇಬಲ್, ಕೊನೆಗೆ ಬ್ರೇಕರ್ ಆನ್. ಇಎಂಎಸ್ ಎರಡು ನಿಮಿಷಕ್ಕೂ ಹೆಚ್ಚು ಸುಮ್ಮನಿರಬಹುದು. ಅದು ಕೆಟ್ಟಿಲ್ಲ, ಎಸಿಯ ಕಂಪ್ರೆಸರ್ ಉಳಿಯಲಿ ಎಂದು ಕಾಯುತ್ತಿರುತ್ತದೆ.

ಹೆಚ್ಚು ತೊಂದರೆ ಕೊಡುವುದು ಸವೆದ 30 ಆಂಪ್ ಸಾಕೆಟ್. ಲೋಡ್ ಇರುವಾಗಲೇ ಪ್ಲಗ್ ಕಿತ್ತಾಗ ಕಿಡಿ ಹಾರಿ ಒಳಗಿನ ತಗಡು ಸುಡುತ್ತದೆ, ಸ್ಪ್ರಿಂಗ್ ಹಿಡಿತ ಸಡಿಲಾಗುತ್ತದೆ. ಸಡಿಲವಾದ ಕಡೆ ಬಿಸಿ, ಬಿಸಿಯಾದಷ್ಟೂ ಇನ್ನೂ ಸಡಿಲ. ಎಸಿ ಅರ್ಧ ಗಂಟೆ ಓಡಿದ ಮೇಲೆ ಪ್ಲಗ್‌ನ ಮೈ ಮುಟ್ಟಿ ನೋಡಿ: ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಲೋಡ್ ಇಳಿಸಿ. ಪಕ್ಕದ 50 ಆಂಪ್ ಸಾಕೆಟ್ ಸಾಮಾನ್ಯವಾಗಿ ಕಡಿಮೆ ಸವೆದಿರುತ್ತದೆ. ಡಾಗ್‌ಬೋನ್ ಅಡಾಪ್ಟರ್ (ಒಂದು ತುದಿಗೆ 50, ಇನ್ನೊಂದಕ್ಕೆ 30 ಆಂಪ್ ಜೋಡಣೆ ಇರುವ ತುಂಡು ಕೇಬಲ್) ಹಾಕಿ 30 ಆಂಪ್ ಗಾಡಿಯನ್ನು ಅದಕ್ಕೆ ಜೋಡಿಸಬಹುದು. ಗಾಡಿಯ ಸ್ವಂತ 30 ಆಂಪ್ ಮೇನ್ ಬ್ರೇಕರ್ ಮಿತಿ ಕಾಯುತ್ತದೆ.

ಮಧ್ಯಾಹ್ನ ಮೂರರಿಂದ ಆರರವರೆಗೆ ವೋಲ್ಟೇಜ್ ಮೇಲೆ ಕಣ್ಣಿಡಿ. ಅಮೆರಿಕದ ಎಲೆಕ್ಟ್ರಿಕಲ್ ಕೋಡ್ ಪ್ರಕಾರ 36 ಅಥವಾ ಹೆಚ್ಚು ಸೈಟ್ ಇರುವ ಕ್ಯಾಂಪ್‌ಗೆ ಒಟ್ಟು ಲೋಡ್‌ನ 41% ಲೆಕ್ಕ ಹಿಡಿದು ಲೈನ್ ಎಳೆದರೆ ಸಾಕು. ಸೆಕೆಯಲ್ಲಿ ಎಲ್ಲರೂ ಒಟ್ಟಿಗೆ ಎಸಿ ಹಾಕಿದಾಗ ಹಳೆಯ ಕ್ಯಾಂಪ್‌ಗಳಲ್ಲಿ, ಅದರಲ್ಲೂ ಸಾಲಿನ ಕೊನೆಯ ಸೈಟ್‌ಗಳಲ್ಲಿ, ವೋಲ್ಟೇಜ್ ಕುಸಿಯುತ್ತದೆ. ವೋಲ್ಟ್ ಇಳಿದರೆ ಮೋಟಾರು ಹೆಚ್ಚು ಆಂಪ್ ಎಳೆದು ಬಿಸಿಯಾಗುತ್ತದೆ. ಹಲವು ಇಎಂಎಸ್‌ಗಳು 104 ವೋಲ್ಟ್‌ಗೆ ಕಟ್ ಮಾಡುತ್ತವೆ. ನಾನು 108ಕ್ಕೇ ಎಸಿ ಆರಿಸುತ್ತೇನೆ.

ಇನ್ನು 30 ಆಂಪ್ ಗಾಡಿಯ ಅಡುಗೆಮನೆಯ ಲೆಕ್ಕ. ಎಸಿ 12ರಿಂದ 15 ಆಂಪ್, ಮೈಕ್ರೋವೇವ್ ಸುಮಾರು 12, ಗೀಸರ್‌ನ ಕಾಯಿಲ್ 12, 1,000 ವ್ಯಾಟ್‌ನ ಎಲೆಕ್ಟ್ರಿಕ್ ಕುಕ್ಕರ್ 8. ಗೀಸರ್ ಮತ್ತು ಫ್ರಿಜ್ ಗ್ಯಾಸ್‌ನಲ್ಲಿ ಓಡಿಸಿದರೆ ಎಸಿ ಆರಿಸದೆ ಅನ್ನ ಮಾಡಬಹುದು. ಗಂಟೆಗಟ್ಟಲೆ ಓಡುವ ಲೋಡ್ 24 ಆಂಪ್ ಮೀರದಿರಲಿ. ಊರಿಂದ ತಂದ 230 ವೋಲ್ಟ್ ಮಿಕ್ಸಿ ಇಲ್ಲಿ ಚಟ್ನಿ ಅರೆಯದು, 110-120 ವೋಲ್ಟ್‌ನದೇ ಬೇಕು.

ಹೊರಡುವಾಗ ಒಳಗಿನ ಲೋಡ್ ಮೊದಲು, ಬ್ರೇಕರ್ ಆಮೇಲೆ, ಪ್ಲಗ್ ಕೊನೆಗೆ. ಕಿತ್ತ ಪ್ಲಗ್‌ನ ಪಿನ್ ಕಪ್ಪಾಗಿದ್ದರೆ ನಯವಾದ ಮರಳು ಕಾಗದದಲ್ಲಿ ಉಜ್ಜಿಕೊಳ್ಳುತ್ತೇನೆ, ಸೈಟ್ ನಂಬರನ್ನು ಕ್ಯಾಂಪ್ ಹೋಸ್ಟ್‌ಗೆ ಹೇಳುತ್ತೇನೆ. ಅದೇ ಸಂಜೆ ಇನ್ನೊಬ್ಬರು ಅದೇ ಸಾಕೆಟ್‌ಗೆ ಪ್ಲಗ್ ಚುಚ್ಚುತ್ತಾರೆ.