ಸಿಂಗಪುರಕ್ಕೆ ಹೊರಟಾಗ ನಾನು ಕ್ರೆಡಿಟ್ ಕಾರ್ಡ್ ಆರಿಸಿಕೊಂಡಿದ್ದು ಹೀಗೆ

ವಿದೇಶಕ್ಕೆ ಹೋಗುವವರು ಕ್ರೆಡಿಟ್ ಕಾರ್ಡ್ ತಗೊಳ್ಳುವಾಗ ಮೊದಲು ನೋಡಬೇಕಾದದ್ದು ಫಾರೆಕ್ಸ್ ಮಾರ್ಕಪ್, ಅಂದರೆ ವಿದೇಶಿ ಹಣದಲ್ಲಿ ಮಾಡಿದ ಖರ್ಚನ್ನು ರೂಪಾಯಿಗೆ ಬದಲಿಸುವಾಗ ಬ್ಯಾಂಕ್ ಮೇಲೆ ಹಾಕುವ ಶುಲ್ಕ. ಪಾಯಿಂಟ್ಸು, ಏರ್‌ಪೋರ್ಟ್ ಲೌಂಜು ಎಲ್ಲ ಆಮೇಲೆ. ಮನೆಯವರ ಜೊತೆ ಸಿಂಗಪುರಕ್ಕೆ ಹೊರಡೋ ಮುಂಚೆ ಕುವೆಂಪುನಗರದ ನಮ್ಮ ಮನೆಯಲ್ಲಿ ಕೂತು ಪೆನ್ನು ಪೇಪರ್ ಹಿಡಿದು ಲೆಕ್ಕ ಹಾಕಿದೆ. ಅದಾದ ಮೇಲೆ ಈ ವಿಷಯದಲ್ಲಿ ನನಗೆ ಅನುಮಾನವೇ ಉಳಿದಿಲ್ಲ.

ಲೆಕ್ಕ ಸುಲಭ. ನಮ್ಮಲ್ಲಿ ಸಾಧಾರಣ ಕಾರ್ಡುಗಳಿಗೆ ಮಾರ್ಕಪ್ ಶೇ. 3.5ರ ಹತ್ತಿರ ಇರುತ್ತದೆ. ಆ ಮಾರ್ಕಪ್ ಮೇಲೆ ಶೇ. 18 ಜಿಎಸ್‌ಟಿ. ಎರಡೂ ಸೇರಿದರೆ ಶೇ. 4.13. ಹೋಟೆಲ್, ಊಟ, ಓಡಾಟ, ಸ್ವಲ್ಪ ಶಾಪಿಂಗ್ ಎಲ್ಲ ಸೇರಿ ಒಂದೂವರೆ ಲಕ್ಷ ಉಜ್ಜಿದರೆ 6,195 ರೂಪಾಯಿ ಸುಮ್ನೆ ಹೋಯ್ತು. ಮಾರ್ಕಪ್ ಶೇ. 2 ಇರುವ ಕಾರ್ಡಾದರೆ 3,540. ಮಾರ್ಕಪ್ಪೇ ಇಲ್ಲದ ಕಾರ್ಡಾದರೆ ಅಷ್ಟೂ ಉಳಿಯುತ್ತದೆ.

ಬೆಂಗಳೂರಿನಲ್ಲಿರುವ ನಮ್ಮ ಭಾವ ಮಾತ್ರ ಒಪ್ಪಲಿಲ್ಲ. "ಪಾಯಿಂಟ್ಸ್ ಜಾಸ್ತಿ ಬರೋ ಕಾರ್ಡ್ ತಗೋ ಕಣಯ್ಯ, ಅದರಲ್ಲೇ ಎಲ್ಲ ವಾಪಸ್ ಬರುತ್ತೆ" ಅಂದರು. ನನ್ನ ಹಳೇ ಕಾರ್ಡಿನ ಪಾಯಿಂಟ್ಸನ್ನು ರೂಪಾಯಿಗೆ ಇಳಿಸಿ ನೋಡಿದೆ. ನೂರು ರೂಪಾಯಿ ಖರ್ಚಿಗೆ ಒಂದು ರೂಪಾಯಿಯೂ ಗಿಟ್ಟುತ್ತಿರಲಿಲ್ಲ. ನಾಲ್ಕು ರೂಪಾಯಿ ಕೊಟ್ಟು ಒಂದು ರೂಪಾಯಿ ಪಡೆಯೋದಕ್ಕೆ ಅರ್ಥ ಇಲ್ಲ ಅಲ್ವಾ? ವರ್ಷಕ್ಕೆ ಹಲವು ಸಲ ವಿಮಾನ ಹತ್ತುವವರಿಗೆ, ದೊಡ್ಡ ಫೀಸಿನ ಕಾರ್ಡ್ ಇಟ್ಟುಕೊಂಡವರಿಗೆ ಲೆಕ್ಕ ಬೇರೆ ಆಗಬಹುದು. ನಮ್ಮಂಥವರಿಗೆ ಅಲ್ಲ.

ನನ್ನದು ಸ್ವಂತ ಕೆಲಸ, ಸಂಬಳದ ಸ್ಲಿಪ್ ಇಲ್ಲ. ಅದಕ್ಕೇ ಎಫ್‌ಡಿ ಮೇಲೆ ಕೊಡುವ ಕಾರ್ಡ್ ಹುಡುಕಿದೆ. ಎಫ್‌ಡಿ ಇಟ್ಟರೆ ಅದನ್ನೇ ಭದ್ರತೆಯಾಗಿ ಹಿಡಿದುಕೊಂಡು ಲಿಮಿಟ್ ಕೊಡುತ್ತಾರೆ, ಎಫ್‌ಡಿಗೆ ಬಡ್ಡಿಯೂ ಬರುತ್ತಿರುತ್ತದೆ, ಕಾರ್ಡ್ ಇರುವಷ್ಟು ದಿನ ಆ ದುಡ್ಡನ್ನು ಮುರಿಸಲಾಗದು ಅಷ್ಟೇ. ಹೀಗೆ ಕೊಡುವ ಕಾರ್ಡುಗಳಲ್ಲೂ ಮಾರ್ಕಪ್ ಇಲ್ಲದವು ಸಿಗುತ್ತವೆ. ನಿವೃತ್ತರಿಗೆ, ಅಂಗಡಿ ಇಟ್ಟವರಿಗೆ, ಮನೆಯಲ್ಲಿರುವ ಹೆಂಗಸರಿಗೆ ಇದು ಒಳ್ಳೇ ದಾರಿ ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಜಾಹೀರಾತು ನಂಬಬೇಡಿ. ಬ್ಯಾಂಕ್ ಕೊಡುವ 'ಮೋಸ್ಟ್ ಇಂಪಾರ್ಟೆಂಟ್ ಟರ್ಮ್ಸ್ ಅಂಡ್ ಕಂಡೀಷನ್ಸ್' ಕಾಗದದಲ್ಲಿ ಮಾರ್ಕಪ್ ಎಷ್ಟು ಅಂತ ಬರೆದಿರುತ್ತದೆ, ಅದನ್ನೇ ನೋಡಿ.

ಒಂದೇ ಕಾರ್ಡ್ ನಂಬಿಕೊಂಡು ಹೋಗಲಿಲ್ಲ. ಹೊಸದು ವೀಸಾ, ಜೊತೆಗೆ ಹಳೇ ಮಾಸ್ಟರ್‌ಕಾರ್ಡ್. ಒಂದು ನನ್ನ ಹತ್ತಿರ, ಇನ್ನೊಂದು ಮನೆಯವರ ಬ್ಯಾಗಿನಲ್ಲಿ. ರೂಪೇ ಹೊರಗಡೆ ಇನ್ನೂ ಅಷ್ಟು ಕಡೆ ನಡೆಯೋದಿಲ್ಲ. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡಿನಲ್ಲಿ ವಿದೇಶಿ ಬಳಕೆ ಆಫ್ ಆಗಿಯೇ ಬರುತ್ತದೆ. ಏರ್‌ಪೋರ್ಟಿಗೆ ಫ್ಲೈಬಸ್ ಹತ್ತೋ ಮುಂಚೆಯೇ, ಮನೆಯಲ್ಲೇ, ಆ್ಯಪ್‌ನಲ್ಲಿ ಅದನ್ನು ಆನ್ ಮಾಡಿ ಲಿಮಿಟ್ ಹಾಕಿದೆ. ಎಟಿಎಂ ಮಾತ್ರ ಆಫ್ ಬಿಟ್ಟೆ. ಕ್ರೆಡಿಟ್ ಕಾರ್ಡಿನಲ್ಲಿ ನಗದು ತೆಗೆದರೆ ಫೀಸ್ ಬೇರೆ, ಸಾಮಾನ್ಯವಾಗಿ ಅವತ್ತಿಂದಲೇ ಬಡ್ಡಿ ಬೇರೆ.

ಅಲ್ಲಿ ಹೋದ ಮೇಲೆ ಎಚ್ಚರ ಇರಬೇಕಾದ್ದು ಒಂದೇ ಜಾಗದಲ್ಲಿ. ಬಿಲ್ ಕೊಡುವಾಗ ಮೆಷಿನ್ ಒಮ್ಮೊಮ್ಮೆ "ಸಿಂಗಪುರ ಡಾಲರೋ, ರೂಪಾಯಿಯೋ" ಅಂತ ಕೇಳುತ್ತದೆ. ನಮ್ಮ ರೂಪಾಯಿ ಕಂಡ ತಕ್ಷಣ ಸಲೀಸು ಅನ್ನಿಸುತ್ತದೆ, ಆದರೆ ಒತ್ತಬೇಡಿ. ಅಲ್ಲಿನ ದರ ಅಂಗಡಿ ಕಡೆಯವರು ಹಾಕಿದ್ದು, ಅದರಲ್ಲೇ ಅವರ ಲಾಭ ಸೇರಿರುತ್ತದೆ. ಡಾಲರ್ ಅಂದರೆ ವೀಸಾ ಕಂಪನಿಯ ದರ ಸಿಗುತ್ತದೆ, ಮಾರ್ಕಪ್ ಇಲ್ಲದ ಕಾರ್ಡ್ ತಂದಿದ್ದು ಸಾರ್ಥಕ ಆಗೋದು ಆಗಲೇ. ರೂಪಾಯಿ ಒತ್ತಿದರೆ ನಮ್ಮ ಹಲವು ಬ್ಯಾಂಕುಗಳೂ ಮೇಲೊಂದು ಫೀಸ್ ಹಾಕುತ್ತವೆ. ವಿದೇಶಿ ವೆಬ್‌ಸೈಟಿನಲ್ಲಿ ಹೋಟೆಲ್ ಬುಕ್ ಮಾಡುವಾಗಲೂ ಇದೇ ಕಥೆ.

ಮೆಟ್ರೋ, ಬಸ್ಸಿನಲ್ಲಿ ಕಾರ್ಡ್ ತಟ್ಟಿದರೆ ಸಾಕು. ಆದರೆ ಒಬ್ಬೊಬ್ಬರಿಗೂ ಒಂದೊಂದು ಕಾರ್ಡ್ ಬೇಕು, ಹೊರದೇಶದ ಕಾರ್ಡಿಗೆ ದಿನಕ್ಕೆ 60 ಸೆಂಟ್ ಫೀಸ್ ಇದೆ. ಹಾಕರ್ ಸೆಂಟರ್ ಅನ್ನೋ ಊಟದ ಸಂಕೀರ್ಣಗಳ ಸಣ್ಣ ಮಳಿಗೆಗಳಿಗೆ ಸ್ವಲ್ಪ ನಗದು ಇಟ್ಟುಕೊಂಡಿದ್ದೆ, ಬೇಕಾಯಿತು.

ತೆರಿಗೆ ಬಗ್ಗೆ ಕೇಳುವವರು ಜಾಸ್ತಿ. 2023ರಲ್ಲಿ ವಿದೇಶದಲ್ಲಿ ಮಾಡುವ ಕ್ರೆಡಿಟ್ ಕಾರ್ಡ್ ಖರ್ಚನ್ನೂ ಟಿಸಿಎಸ್ (ವಿದೇಶಕ್ಕೆ ಹೋಗುವ ದುಡ್ಡಿನ ಮೇಲೆ ಮುಂಚೆಯೇ ಹಿಡಿಯುವ ತೆರಿಗೆ) ಲೆಕ್ಕಕ್ಕೆ ತರಲು ಹೊರಟಿದ್ದ ಸರ್ಕಾರ ಆಮೇಲೆ ಮುಂದೂಡಿತು. ಮುಂಚೆಯೇ ವಿದೇಶಿ ಹಣ ತುಂಬಿಸಿಕೊಂಡು ಹೋಗುವ ಫಾರೆಕ್ಸ್ ಕಾರ್ಡಿಗೆ ಹಾಕುವ ದುಡ್ಡು ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದೂ 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ದಾಟಿದರೆ.

ಹೋಟೆಲಿನವರು ಡಿಪಾಸಿಟ್ ಅಂತ ಕಾರ್ಡಿನಲ್ಲಿ ಹಿಡಿದಿಟ್ಟ ಮೊತ್ತ ಬಿಡುಗಡೆ ಆಗಲು ಕೆಲವು ದಿನ ಹಿಡಿಯಿತು. ಅದು ಬಂದ ಮೇಲೆ ಸ್ಟೇಟ್‌ಮೆಂಟ್ ತೆಗೆದು ಒಂದೊಂದೇ ಸಾಲನ್ನು ರಸೀದಿ ಜೊತೆ ಹೋಲಿಸಿ, ಪೂರ್ತಿ ಬಿಲ್ ಕಟ್ಟಿ, ವಿದೇಶಿ ಬಳಕೆಯನ್ನು ಮತ್ತೆ ಆಫ್ ಮಾಡಿದೆ.