ಮೊದಲು ಗೋಡೆ ಕೆಡವಿದೆವು, ನಕ್ಷೆ ಆಮೇಲೆ: ಹಳೆಯ ಕ್ರೀಡಾಂಗಣದಲ್ಲಿ ನನ್ನ ಅನುಭವ

ಬೀಗ ಬಿದ್ದಿದ್ದ ಹಳೆಯ ಕ್ರೀಡಾಂಗಣವೊಂದನ್ನು ಮಳಿಗೆ, ಹುಲ್ಲು, ವೇದಿಕೆಗಳಿರುವ ತೆರೆದ ಜಾಗವಾಗಿ ಬದಲಿಸುವ ಕೆಲಸವನ್ನು ನಾನು ನಡೆಸಿದೆ. ಈಗ ವಾರದ ಯಾವ ಸಂಜೆ ಹೋದರೂ ಅಲ್ಲಿ ಎರಡೂವರೆ, ಮೂರು ಸಾವಿರ ಜನ ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರು ಟಿಕೆಟ್ ಕೊಂಡು ಬಂದವರಲ್ಲ. ಮನೆಗೆ ಹೋಗುವ ದಾರಿ ಅದೇ ಆದ್ದರಿಂದ ಬಂದವರು, ಮಕ್ಕಳನ್ನು ಆಡಲು ಬಿಟ್ಟು ಮೆಟ್ಟಿಲ ಮೇಲೆ ಕುಳಿತವರು. ಆರು ವರ್ಷಗಳ ಹಿಂದೆ ಈ ಲೆಕ್ಕವನ್ನು ನಾನು ಮುಂದಿಟ್ಟಾಗ ಸಭೆಯಲ್ಲಿದ್ದ ಹನ್ನೆರಡು ಮಂದಿಯಲ್ಲಿ ಇಬ್ಬರು ಮಾತ್ರ ಒಪ್ಪಿದ್ದರು. ಉಳಿದವರಲ್ಲಿ ಮೂವರು ಈಚೆಗೆ ತಮ್ಮ ತಮ್ಮ ಜಾಗಗಳಿಗೆ ಇದೇ ಕ್ರಮ ಹೊಂದುತ್ತದೆಯೇ ಎಂದು ಕೇಳಿ ಫೋನ್ ಮಾಡಿದ್ದಾರೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ ಬರೆದವು, ಐದು ಹತ್ತು ಆಚೀಚೆ ಇರಬಹುದು.

ಜಾಗ ಒಂಬತ್ತು ಹೆಕ್ಟೇರಿನ ಆಸುಪಾಸು. ಮೂರು ಹೆಕ್ಟೇರಿನಲ್ಲಿ ಗ್ಯಾಲರಿ ಮತ್ತು ಮೈದಾನ, ಉಳಿದದ್ದೆಲ್ಲ ವಾಹನ ನಿಲ್ಲಿಸುವ ಡಾಂಬರು ಬಯಲು. ಆಸನ ಇಪ್ಪತ್ತೆರಡು ಸಾವಿರ. ಕೊನೆಯ ವರ್ಷಗಳಲ್ಲಿ ನಡೆದದ್ದು ವರ್ಷಕ್ಕೆ ಇಪ್ಪತ್ತು, ಇಪ್ಪತ್ತೈದು ಪಂದ್ಯ. ಉಳಿದ ಮುನ್ನೂರ ನಲವತ್ತು ದಿನ ಬೀಗ. ಇದೊಂದೇ ಸಂಖ್ಯೆಯ ಮೇಲೆ ನನ್ನ ಇಡೀ ಯೋಜನೆ ನಿಂತಿತ್ತು. ಎಲ್ಲರೂ ಪಂದ್ಯದ ದಿನದ ಬಗ್ಗೆ ಮಾತನಾಡುತ್ತಿದ್ದರು, ನಾನು ಬೀಗ ಹಾಕಿದ ದಿನಗಳ ಬಗ್ಗೆ ಮಾತನಾಡುತ್ತಿದ್ದೆ.

ಹಣ ಹಾಕುವವರು ಚಿತ್ರಗಳನ್ನು ಹಿಡಿದು ಬಂದಿದ್ದರು. ಒಸಾಕಾದಲ್ಲಿ 1998ರಲ್ಲಿ ಮುಚ್ಚಿದ ಬೇಸ್‌ಬಾಲ್ ಕ್ರೀಡಾಂಗಣದ ಜಾಗದಲ್ಲಿ 2003ರಲ್ಲಿ ತೆರೆದ ನಾಂಬಾ ಪಾರ್ಕ್ಸ್ ಒಂದು. ಬಾರ್ಸಿಲೋನಾದ ಹಳೆಯ ಗೂಳಿಕಾಳಗದ ಅಖಾಡದ ಹೊರಗೋಡೆಯನ್ನು ಉಳಿಸಿಕೊಂಡು 2011ರಲ್ಲಿ ಮಾಲ್ ಆಗಿ ತೆರೆದ ಲಾಸ್ ಅರೆನಾಸ್ ಇನ್ನೊಂದು. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಒಂದು ದೊಡ್ಡ ರೈಲು ನಿಲ್ದಾಣಕ್ಕೆ ಅಂಟಿಕೊಂಡಿದೆ, ಮತ್ತೊಂದು ನಗರದ ಒಂದು ಮುಖ್ಯ ವೃತ್ತದಲ್ಲಿದೆ. ಜನ ಅಲ್ಲಿಗೆ ಮೊದಲೇ ಬಂದು ಬೀಳುತ್ತಿದ್ದರು, ಕಟ್ಟಡ ಅವರನ್ನು ಹಿಡಿದುಕೊಂಡಿತು. ನಮ್ಮ ಜಾಗದ ಸುತ್ತ ಇದ್ದದ್ದು ಮನೆಗಳು, ಎರಡು ಶಾಲೆ, ಒಂದು ಬಸ್ ನಿಲ್ದಾಣ. ನಾನು ತೋರಿಸಿದ್ದು ಇಟಲಿಯ ಲುಕ್ಕಾದ ಚಿತ್ರ. ರೋಮನ್ನರ ಅಖಾಡದ ಗೋಡೆಗಳಿಗೆ ಒರಗಿಕೊಂಡು ಮನೆಗಳೆದ್ದು, ನಡುವೆ ಮೊಟ್ಟೆಯಾಕಾರದ ಚೌಕ ಇಂದಿಗೂ ಉಳಿದಿದೆ, ಕಮಾನುಗಳ ಮೂಲಕ ಜನ ಹಾದುಹೋಗುತ್ತಾರೆ. ನನಗೆ ಬೇಕಾದದ್ದು ಆ ಹಾದುಹೋಗುವಿಕೆ.

ಅದಕ್ಕೆ ಅಡ್ಡವಾಗಿದ್ದದ್ದು ಕಾಂಪೌಂಡ್ ಗೋಡೆ. ಎರಡೂವರೆ ಮೀಟರ್ ಎತ್ತರ, ಸುತ್ತಳತೆ ಸಾವಿರದ ಇನ್ನೂರು ಮೀಟರ್. ನಕ್ಷೆ ಸಿದ್ಧವಾಗುವ ಮೊದಲೇ ಇದನ್ನು ಒಂಬತ್ತು ಕಡೆ ಒಡೆಯಬೇಕು ಎಂದೆ. ಪ್ರತಿ ಕಂಡಿ ನಾಲ್ಕು ಮೀಟರ್ ಅಗಲ. ಭದ್ರತೆ ಯಾರು ನೋಡಿಕೊಳ್ಳುತ್ತಾರೆ, ವಿಮೆ ಏನಾಗುತ್ತದೆ, ಮುಂದೆ ಟಿಕೆಟ್ ಹೇಗೆ ಮಾರುತ್ತೀರಿ ಎಂದು ಎಲ್ಲರೂ ಮುಗಿಬಿದ್ದರು. ಒಟ್ಟು ಖರ್ಚನ್ನು ನೂರು ಪಾಲು ಎಂದುಕೊಂಡರೆ ಕಂಡಿ ಒಡೆಯಲು, ದೀಪ ಹಾಕಲು, ಡಾಂಬರಿನ ಗುಂಡಿ ಮುಚ್ಚಲು ಎರಡು ಪಾಲೂ ಆಗಲಿಲ್ಲ. ಎರಡು ಸಲ ತಾಮ್ರದ ಕೇಬಲ್ ಕಳುವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಮೂರನೆಯ ಸಲ ಅಲ್ಯೂಮಿನಿಯಂ ಎಳೆಸಿದೆವು, ಕಳ್ಳತನ ನಿಂತಿತು.

ಹನ್ನೊಂದು ತಿಂಗಳು ಹಾಗೆಯೇ ಬಿಟ್ಟೆವು. ಪ್ರತಿ ಸೋಮವಾರ ಬೆಳಿಗ್ಗೆ ಗ್ಯಾಲರಿಯ ತುತ್ತತುದಿಯ ಸಾಲಿನಲ್ಲಿ ನಿಂತು, ಅದೇ ಜಾಗದಿಂದ, ಅದೇ ಕೋನದಲ್ಲಿ ಒಂದು ಫೋಟೊ. ಮೊದಲ ತಿಂಗಳು ಏನೂ ಕಾಣಲಿಲ್ಲ. ಮೂರನೆಯ ತಿಂಗಳ ಹೊತ್ತಿಗೆ ಡಾಂಬರಿನ ಬಿರುಕುಗಳಲ್ಲಿ ಬೆಳೆದಿದ್ದ ಹುಲ್ಲು ಕೆಲವು ಕಡೆ ಸವೆದು, ಬಯಲಿನ ಮೇಲೆ ನಸುಗಪ್ಪು ಗೆರೆಗಳು ಮೂಡತೊಡಗಿದವು. ಅತ್ಯಂತ ಗಾಢವಾದ ಗೆರೆ ಈಶಾನ್ಯದ ಕಂಡಿಯಿಂದ ಬಸ್ ನಿಲ್ದಾಣದ ಕಡೆಗೆ ಓರೆಯಾಗಿ ಹೋಗಿತ್ತು. ವಾಸ್ತುಶಿಲ್ಪಿ ಕರಡು ನಕ್ಷೆಯಲ್ಲಿ ಎಳೆದಿದ್ದ ಭವ್ಯವಾದ ನೇರ ನಡೆದಾರಿಗೂ ಅದಕ್ಕೂ ಎಲ್ಲಿಯೂ ಸಂಬಂಧವಿರಲಿಲ್ಲ. ಆ ನಕ್ಷೆಯಂತೆ ಕಟ್ಟಿದ್ದರೆ ಜನ ನಡೆಯುವ ದಾರಿಗೆ ಸರಿಯಾಗಿ ಅಡ್ಡಲಾಗಿ ಎರಡಂತಸ್ತಿನ ಮಳಿಗೆಗಳ ಬೆನ್ನು ನಿಂತಿರುತ್ತಿತ್ತು. ನಕ್ಷೆಯಲ್ಲಿ ಕಟ್ಟಡಗಳನ್ನು ಸರಿಸಿದೆವು, ಗೆರೆಯನ್ನು ಉಳಿಸಿದೆವು. ಇಂದು ಅತಿ ಹೆಚ್ಚು ವ್ಯಾಪಾರವಾಗುವ ಹದಿನಾಲ್ಕು ಮಳಿಗೆಗಳು ಆ ಓರೆದಾರಿಯ ಎರಡೂ ಬದಿಗಿವೆ.

ಕಂಡಿಗಳಿಂದ ಇನ್ನೊಂದು ಲಾಭವೂ ಆಯಿತು. ಕ್ರೀಡಾಂಗಣಗಳ ಸುರಕ್ಷತೆಗೆಂದು ಇರುವ ಬ್ರಿಟನ್ನಿನ ಕೈಪಿಡಿ ಗ್ರೀನ್ ಗೈಡ್, ಸಮತಟ್ಟಾದ ದಾರಿಗೆ ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ, ಮೆಟ್ಟಿಲಿಗೆ 66 ಜನ ಎಂದು ಹಿಡಿಯುತ್ತದೆ. ಆ ಲೆಕ್ಕದಲ್ಲಿ ಆರು ಸಾವಿರ ಜನರನ್ನು ಹೊರಗೆ ಕಳುಹಿಸುವುದಕ್ಕೆ ನಮಗೆ ಅಗಲ ಬೇಕಾದದ್ದಕ್ಕಿಂತ ದುಪ್ಪಟ್ಟು ಸಿಕ್ಕಿತು. ಅಗ್ನಿಶಾಮಕ ಅನುಮತಿ ಒಂದೇ ಸಲಕ್ಕೆ ಬಂದದ್ದು ನನ್ನ ವೃತ್ತಿಯಲ್ಲಿ ಅದೇ ಮೊದಲು.

ಇನ್ನು ಕಾಂಕ್ರೀಟಿನ ವಿಷಯ. ಇಲ್ಲಿ ನಾನು ಹಣ ಕಳೆದುಕೊಂಡೆ.

ಕಾಂಕ್ರೀಟಿನಿಂದ ಉರುಳೆಯಂಥ ಮಾದರಿಗಳನ್ನು (ಕೋರ್) ಕೊರೆದು ತೆಗೆದು, ಕಂಬಿಯನ್ನು ತುಕ್ಕಿನಿಂದ ಕಾಯುವ ಕ್ಷಾರ ಉಳಿದಿದ್ದರೆ ಗುಲಾಬಿಗೆ ತಿರುಗುವ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದಾಗ ಪೂರ್ವ ಗ್ಯಾಲರಿಯ ಮಾದರಿಗಳು ಅಂಚಿನ ಹದಿನೈದು ಮಿಲಿಮೀಟರ್ ಬಿಟ್ಟು ಉಳಿದ ಕಡೆ ಗಾಢ ಗುಲಾಬಿಗೆ ತಿರುಗಿದವು. ಕಂಬಿಯ ಮೇಲಿನ ಕಾಂಕ್ರೀಟ್ ಹೊದಿಕೆ ಮೂವತ್ತು ಮಿಲಿಮೀಟರ್, ಹಾಗಾಗಿ ನೆಮ್ಮದಿ. ದಕ್ಷಿಣ ಗ್ಯಾಲರಿಯ ಮಾದರಿ ಕಂಬಿಯನ್ನು ದಾಟಿಯೂ ಬಣ್ಣ ಬದಲಿಸಲಿಲ್ಲ. ಅದು ಸಾಲದೆಂಬಂತೆ, ಕಂಬಿಗೆ ತುಕ್ಕು ಹಿಡಿಸುವ ಉಪ್ಪಿನಂಶವಾದ ಕ್ಲೋರೈಡ್ ಪರೀಕ್ಷೆಯ ಫಲಿತಾಂಶವೂ ಕೆಟ್ಟದಾಗಿತ್ತು. ಆದರೂ ಆ ಗ್ಯಾಲರಿಯ ಚಾವಣಿ ಬಹಳ ಚೆಂದವಿತ್ತು, ಬಿಡಲು ಮನಸ್ಸಾಗಲಿಲ್ಲ. ಎಂಟು ತಿಂಗಳು ತೇಪೆ ಹಾಕಿದೆವು. ಕ್ಲೋರೈಡ್ ಇರುವ ಕಾಂಕ್ರೀಟಿನಲ್ಲಿ ಒಂದು ಕಡೆ ತೇಪೆ ಹಾಕಿದರೆ ತುಕ್ಕು ಆ ತೇಪೆಯ ಅಂಚಿನಿಂದಾಚೆಗೆ ಸರಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ, ನನಗೂ ಗೊತ್ತಿತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪ್ರತಿ ತೇಪೆಯ ಸುತ್ತ ಕಂದು ಬಣ್ಣದ ಉಂಗುರ ಕಟ್ಟಿತ್ತು. ನೂರರಲ್ಲಿ ನಾಲ್ಕು ಪಾಲು ಹಣ ಹಾಗೆ ಹೋಯಿತು. ಪರೀಕ್ಷೆ ಬೇಡ ಎಂದ ಗ್ಯಾಲರಿಯನ್ನು ಪ್ರೀತಿಯಿಂದ ಉಳಿಸಲು ಆಗುವುದಿಲ್ಲ.

ಕೊನೆಗೆ ದಕ್ಷಿಣವನ್ನು ಕೆಡವಿದೆವು. ಅದೇ ನಮ್ಮ ಅದೃಷ್ಟವಾಯಿತು. ಮುಚ್ಚಿದ ಬಟ್ಟಲಿನಂತಿದ್ದದ್ದು ಕುದುರೆ ಲಾಳದ ಆಕಾರಕ್ಕೆ ಬಂತು, ಬೀದಿಯಲ್ಲಿ ನಿಂತವನಿಗೂ ಒಳಗಿನ ಹುಲ್ಲು ಕಾಣತೊಡಗಿತು. ಕಲ್ಲು ಪುಡಿ ಮಾಡುವ ಯಂತ್ರವನ್ನು ಮೈದಾನದ ಒಳಗೇ ಇರಿಸಿದೆ. ಉಳಿದ ಮೂರು ಗ್ಯಾಲರಿಗಳು ಸದ್ದಿಗೂ ದೂಳಿಗೂ ತಡೆಗೋಡೆಯಾದವು, ನೆರೆಯವರಿಂದ ಒಂದೇ ಒಂದು ದೂರು ಬಂದದ್ದು. ಆರು ಸಾವಿರ ಘನ ಮೀಟರಿನಷ್ಟು ಪುಡಿಯನ್ನು ಹೊಸ ನೆಲದ ಕೆಳಪದರಕ್ಕೆ ಬಳಸಿದೆವು. ಕಂಬಿಯನ್ನು ಮಾರಿ ಬಂದ ಹಣದಲ್ಲಿ ಕೆಡವಿದ ಖರ್ಚಿನ ಕಾಲುಭಾಗ ಮರಳಿತು.

ನೀರಿನ ಕಥೆ ಇನ್ನೂ ಕಹಿ. ಮೈದಾನ ರಸ್ತೆಯ ಮಟ್ಟಕ್ಕಿಂತ ನಾಲ್ಕು ಮೀಟರ್ ಕೆಳಗಿದೆ. ಹುಲ್ಲಿನ ಅಡಿ ಮೀನಿನ ಮೂಳೆಯ ಹಾಗೆ ಕವಲೊಡೆದ ಹಳೆಯ ಕೊಳವೆಗಳಿದ್ದವು. ಅರ್ಧ ಮೈದಾನಕ್ಕೆ ಕಲ್ಲು ಹಾಸುವಾಗ ಗುತ್ತಿಗೆದಾರರು ಮುಖ್ಯ ಕೊಳವೆಯನ್ನೇ ಕತ್ತರಿಸಿ ಮಣ್ಣು ಮುಚ್ಚಿದ್ದರು, ಮೇಲ್ವಿಚಾರಣೆಯ ಪುಸ್ತಕದಲ್ಲಿ ಅದು ದಾಖಲಾಗಿರಲಿಲ್ಲ. ಮೊದಲ ಜೋರು ಮಳೆಗೆ ಮೊಣಕಾಲಿನ ತನಕ ನೀರು. ವಿದ್ಯುತ್ ಫಲಕಗಳು ವೇದಿಕೆಯ ಅಡಿಯಲ್ಲಿದ್ದವು, ಎಲ್ಲವೂ ಹೋದವು. ಮೂರು ಕಾರ್ಯಕ್ರಮಗಳ ಮುಂಗಡ ಹಿಂದಿರುಗಿಸಿದೆವು. ಕೊಳವೆಯೊಳಗೆ ಕ್ಯಾಮೆರಾ ಇಳಿಸಿ ಒಂದೊಂದೇ ಕವಲನ್ನು ಹುಡುಕಲು ಎರಡು ತಿಂಗಳು ಹಿಡಿಯಿತು. ನಡುವಿನ ಹುಲ್ಲನ್ನು ಮರಳಿ ತಂದು, ಅಂಚಿನಲ್ಲಿ ನೆಲದಡಿಯ ತೊಟ್ಟಿ ಕಟ್ಟಿ, ಹಳೆಯ ಕೊಳವೆಗಳನ್ನು ಅದಕ್ಕೆ ಸೇರಿಸಿದೆವು. ಹಳೆಯ ಮಣ್ಣಿನ ಕೊಳವೆಗೂ ಹೊಸ ತೊಟ್ಟಿಗೂ ನಡುವೆ ನೆಲ ಕುಸಿದರೂ ಬಿರಿಯದ ಜೋಡಣೆ ಒಂದನ್ನು ಕಂಡುಕೊಂಡಿದ್ದೇನೆ. ಅದರ ವಿವರವನ್ನು ಇಲ್ಲಿ ಬರೆಯುವುದಿಲ್ಲ, ಮುಂದಿನ ಎರಡು ಕೆಲಸಗಳು ಅದರ ಮೇಲೆ ನಿಂತಿವೆ. ವಿದ್ಯುತ್ ಫಲಕಗಳನ್ನು ಮಾತ್ರ ಗ್ಯಾಲರಿಯ ಹತ್ತನೆಯ ಸಾಲಿಗೆ ಏರಿಸಿ, ಇದನ್ನು ಯಾರು ಬೇಕಾದರೂ ಮಾಡಬಹುದು.

ಮೊದಲ ಸಂಗೀತ ಸಂಜೆಯಲ್ಲಿ ಪಕ್ಕದ ಮನೆಗಳಿಂದ ತಕರಾರು ಬರಲಿಲ್ಲ, ನಾನೂರು ಮೀಟರ್ ಆಚೆಯಿಂದ ಬಂತು. ವೇದಿಕೆಯನ್ನು ಉತ್ತರದ ಗ್ಯಾಲರಿಗೆ ಬೆನ್ನು ಮಾಡಿ, ತೆರೆದ ದಕ್ಷಿಣದ ಕಡೆಗೆ ಮುಖ ಮಾಡಿ ನಿಲ್ಲಿಸಿದ್ದೆವು. ಬೀದಿಯಿಂದ ನೋಡಲು ಬಹಳ ಸೊಗಸಾಗಿತ್ತು. ನಮ್ಮ ಮಾಪಕ ಮಿತಿಯೊಳಗೇ ಇದೆ ಎನ್ನುತ್ತಿತ್ತು, ಏಕೆಂದರೆ ಕಿವಿಯ ಗ್ರಹಿಕೆಗೆ ಹೊಂದಿಸಿದ ಡಿಬಿಎ ಅಳತೆಯಲ್ಲಿ 63 ಹರ್ಟ್ಸ್‌ನಂಥ ತಗ್ಗು ಸದ್ದಿನ ಬಳಿ ಇಪ್ಪತ್ತಾರು ಡೆಸಿಬಲ್ ಕಳೆದುಹೋಗಿರುತ್ತದೆ. ಕಿಟಕಿ ನಡುಗಿಸುವುದು ಆ 63 ಮತ್ತು 125 ಹರ್ಟ್ಸ್ ಸದ್ದೇ. ಆ ಎರಡು ಪಟ್ಟಿಗಳನ್ನು ಬೇರೆಯಾಗಿ ಅಳೆಯಲು ಶುರು ಮಾಡಿದ ಮೇಲೆ ನಿಜ ಕಂಡಿತು. ವೇದಿಕೆಯನ್ನು ತೆರೆದ ಕಡೆಗೆ ಒಯ್ದು ಮುಖವನ್ನು ಗ್ಯಾಲರಿಯತ್ತ ತಿರುಗಿಸಿದೆವು. ತಗ್ಗು ಸದ್ದು ಹೊಮ್ಮಿಸುವ ಮೂರು ಸಬ್‌ವೂಫರ್‌ಗಳಲ್ಲಿ ಒಂದನ್ನು ಹಿಂದುಮುಂದಾಗಿ ಇಟ್ಟು ಅದರ ಸಮಯ, ಧ್ರುವ ಬದಲಿಸಿದಾಗ ವೇದಿಕೆಯ ಹಿಂದೆ ಹತ್ತು ಡೆಸಿಬಲ್‌ನಷ್ಟು ಇಳಿಯಿತು. ಎಂಟು ಸಾವಿರ ಜನರ ಕಾರ್ಯಕ್ರಮದ ಆಸೆಯನ್ನೂ ಬಿಟ್ಟು ಆರು ಸಾವಿರಕ್ಕೆ ನಿಲ್ಲಿಸಿದೆವು.

ಇದೇ ಹುಮ್ಮಸ್ಸಿನಲ್ಲಿ ಗ್ಯಾಲರಿಯ ಅಡಿಯ ಓಣಿಯನ್ನೂ ಅಳೆಯಲು ಹೊರಟೆ. ಆ ಓಣಿ ಉದ್ದನೆಯ ಕಾಂಕ್ರೀಟ್ ಕೊಳವೆ, ಇಬ್ಬರು ಮಾತನಾಡಿದರೆ ಇಪ್ಪತ್ತು ಮಂದಿಯ ಗದ್ದಲ. ರಾತ್ರಿ ಹನ್ನೊಂದಕ್ಕೆ ನಾನೂ ನನ್ನ ಸಹಾಯಕಿಯೂ ಬಲೂನು ಒಡೆಯುತ್ತ ಕುಳಿತೆವು. ಒಡೆದ ಸದ್ದು ಅಡಗಲು ನಾಲ್ಕು ಸೆಕೆಂಡಿಗೂ ಹೆಚ್ಚು ಹಿಡಿಯುತ್ತಿತ್ತು. ಮರದ ನಾರಿನ ಹಲಗೆಗಳನ್ನು ಚಾವಣಿಯ ಇಳಿಜಾರಿನ ಮೂರನೇ ಒಂದು ಭಾಗಕ್ಕೆ ಮಾತ್ರ ಹೊಡೆಸಿದೆವು. ಒಂದೂವರೆ ಸೆಕೆಂಡಿಗೆ ಇಳಿಯಿತು. ಪೂರ್ತಿ ಹೊಡೆಸಿದ್ದರೆ ಹಣ ಮೂರು ಪಟ್ಟು, ಲಾಭ ಅಲ್ಪ. ಹಳೆಯ ಪ್ಲಾಸ್ಟಿಕ್ ಆಸನಗಳನ್ನು ಕರಗಿಸಿ ನೆಲದ ಹಲಗೆ ಮಾಡಿಸುವ ಪ್ರಯೋಗವನ್ನೂ ಮಾಡಿದೆ. ಬಿಸಿಲಿಗೆ ಪುಡಿಯಾಗಿದ್ದ ಪ್ಲಾಸ್ಟಿಕ್ ಅದು, ಹಲಗೆ ಆರು ತಿಂಗಳಲ್ಲಿ ಸೀಳಿತು. ಆ ದಾರಿ ಹಿಡಿಯಬೇಡಿ.

ಬಾಡಿಗೆಯದು ಬೇರೆಯೇ ಹೋರಾಟ. ಮೂಲ ಯೋಜನೆಯಲ್ಲಿ ಒಂದು ದೊಡ್ಡ ಚಿತ್ರಮಂದಿರ ಸಂಸ್ಥೆ ಮುಖ್ಯ ಬಾಡಿಗೆದಾರನಾಗಿ ಬರಬೇಕಿತ್ತು. ತೆರೆಯಲು ಐದು ತಿಂಗಳಿದ್ದಾಗ ಹಿಂದೆ ಸರಿಯಿತು. ಅದರ ಭರವಸೆಯ ಮೇಲೆ ಬ್ಯಾಂಕು ಕೊಡಲಿದ್ದ ಸಾಲವೂ ನಿಂತಿತು, ನೂರರಲ್ಲಿ ಇಪ್ಪತ್ತೆಂಟು ಪಾಲಿನ ಕೊರತೆ. ಆ ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಹೊಸದಾಗಿ ಕಟ್ಟಬೇಕಿದ್ದ ಎರಡು ಕಟ್ಟಡಗಳನ್ನು ಕೈಬಿಟ್ಟು, ಗ್ಯಾಲರಿಯ ಅಡಿಯ ಜಾಗವನ್ನೇ ನಲವತ್ತಾರು ಸಣ್ಣ ಮಳಿಗೆಗಳಾಗಿ ಸೀಳಿದೆವು. ಓರೆ ತೊಲೆಗಳ ನಡುವಿನ ಆರು ಮೀಟರ್ ಅಂತರವೇ ಮಳಿಗೆಯ ಅಗಲ. ಮುಂದೆ ಏಳು ಮೀಟರ್ ಎತ್ತರ, ಹಿಂದೆ ತಲೆ ತಾಗುವಷ್ಟು ತಗ್ಗು. ತಗ್ಗಿನ ಭಾಗ ದಾಸ್ತಾನಿಗೆ ಹೇಳಿ ಮಾಡಿಸಿದಂತಿತ್ತು.

ನಿಗದಿ ಬಾಡಿಗೆಯನ್ನು ತೀರ ಕಡಿಮೆ ಇಟ್ಟು, ಮೇಲೆ ವಹಿವಾಟಿನ ನೂರಕ್ಕೆ ಎಂಟರಿಂದ ಹನ್ನೆರಡು ಪಾಲು ಪಡೆದೆವು. ಮೊದಲ ವರ್ಷ ತುಂಬಿದ ಇಪ್ಪತ್ತಾರರಲ್ಲಿ ಹತ್ತೊಂಬತ್ತು ತಿಂಡಿ ಅಂಗಡಿಗಳು. ಸಂಜೆ ಜಾತ್ರೆ, ಹಗಲು ಬಿಕೋ. ಎರಡನೆಯ ವರ್ಷ ಹಗಲು ತೆರೆಯುವವರಿಗೆ ಅರ್ಧ ಬಾಡಿಗೆ ಎಂದೆವು. ಸೈಕಲ್ ರಿಪೇರಿ, ಹೊಲಿಗೆ, ಮಕ್ಕಳ ಓದುಮನೆ, ಟೇಬಲ್ ಟೆನಿಸ್, ನಾಟಕದ ತಾಲೀಮು ಕೊಠಡಿ ಬಂದವು. ತಾಲೀಮು ಕೊಠಡಿಗಳಿಂದ ಬರುವ ಹಣ ಕಡಿಮೆ. ಆದರೆ ಅಲ್ಲಿ ತಾಲೀಮು ಮಾಡಿದವರೇ ಮೂರು ತಿಂಗಳಾದ ಮೇಲೆ ಅಲ್ಲಿನ ವೇದಿಕೆಯನ್ನು ಬಾಡಿಗೆಗೆ ಪಡೆಯುತ್ತಾರೆ, ತಮ್ಮ ಪ್ರೇಕ್ಷಕರನ್ನೂ ಕರೆತರುತ್ತಾರೆ. ಯಾವ ಬಗೆಯ ಮಳಿಗೆಯ ಪಕ್ಕ ಯಾವುದನ್ನು ಕೂರಿಸಬೇಕು, ಪಾಲು ಎಂಟೋ ಹನ್ನೆರಡೋ ಎಂದು ಹೇಗೆ ತೀರ್ಮಾನಿಸಬೇಕು ಎಂಬ ಕೋಷ್ಟಕ ನನ್ನ ಬಳಿ ಇದೆ, ಅದು ನನ್ನ ಬಳಿಯೇ ಇರಲಿ. ಮೂರನೆಯ ವರ್ಷದ ಕೊನೆಗೆ ನಿರ್ವಹಣೆಯ ಖರ್ಚು ಪೂರ್ತಿ ಹುಟ್ಟಿತು. ಈಗ ಆದಾಯದ ನೂರರಲ್ಲಿ ನಲವತ್ತೈದು ಮಳಿಗೆಗಳದ್ದು, ಮೂವತ್ತು ಕಾರ್ಯಕ್ರಮಗಳದ್ದು, ಉಳಿದದ್ದು ವಾಹನ ನಿಲುಗಡೆ ಮತ್ತು ಕೊಠಡಿಗಳದ್ದು.

ಉತ್ತರದ ಬದಿಯ ಒಂದು ಮನೆಸಾಲಿನವರು ಕಂಡಿ ಒಡೆಯುವಾಗ ತಮ್ಮ ಹಿತ್ತಿಲ ಕಡೆ ಕೈ ಹಾಕದಂತೆ ತಡೆಯಾಜ್ಞೆ ತಂದಿದ್ದರು, ಅಲ್ಲಿನ ನೂರ ಅರುವತ್ತು ಮೀಟರ್ ಗೋಡೆ ಇಂದಿಗೂ ಹಾಗೆಯೇ ನಿಂತಿದೆ. ಕಳೆದ ತಿಂಗಳು ಅದೇ ಸಾಲಿನ ಹನ್ನೊಂದು ಮನೆಗಳವರು ಸಹಿ ಹಾಕಿದ ಅರ್ಜಿ ಬಂತು, ತಮ್ಮ ಕಡೆಗೂ ಒಂದು ದಾರಿ ಬೇಕಂತೆ. ಸೋಮವಾರ ಬೆಳಿಗ್ಗೆ ಏಳಕ್ಕೆ ಅಳತೆಗೆ ಹೋಗುತ್ತಿದ್ದೇನೆ. ನಾಲ್ಕು ಮೀಟರ್ ಅಗಲ, ಎರಡು ದೀಪ.