ಯಾರೋ ಅನುಮಾನಾಸ್ಪದವಾಗಿ ಓಡಾಡುತ್ತಿದ್ದಾರೆ: 112ಕ್ಕೆ ಯಾವಾಗ ಫೋನ್ ಮಾಡಬೇಕು?

ಬಡಾವಣೆಯಲ್ಲಿ ಅಪರಿಚಿತ ಮುಖ ಕಂಡರೆ ಐದೇ ನಿಮಿಷದಲ್ಲಿ ನಿವಾಸಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೊ ಬಿದ್ದಿರುತ್ತದೆ. ‘ಯಾರಿದು?’, ‘ನಮ್ಮ ಕಡೆನೂ ಬಂದಿದ್ದ’, ‘ಹುಷಾರು’ ಎಂದು ನಲವತ್ತು ಸಂದೇಶ. ಪೊಲೀಸರ ತುರ್ತು ಸಂಖ್ಯೆ 112ಕ್ಕೆ ಮಾತ್ರ ಒಬ್ಬರೂ ಫೋನ್ ಮಾಡಿರುವುದಿಲ್ಲ. ಇನ್ನು ನಿಜಕ್ಕೂ ಕಳ್ಳತನವಾದ ದಿನ, ‘ಬೆಳಿಗ್ಗೆನೇ ನೋಡಿದ್ದೆ, ಸುಮ್ಮನೆ ಯಾಕೆ ಅಂತ ಬಿಟ್ಟೆ’ ಎನ್ನುವವರು ಬೀದಿಗೆ ಇಬ್ಬರಾದರೂ ಸಿಗುತ್ತಾರೆ.

ಆಳನ್ನು ಬಿಟ್ಟು ಕೆಲಸ ನೋಡಿ

ಮೊದಲ ಪ್ರಶ್ನೆ ‘ಯಾರು?’ ಅಲ್ಲ, ‘ಏನು ಮಾಡಿದ?’. ‘ಅವನು ನೋಡೋಕೆ ಒಂಥರಾ ಇದ್ದ’ ಎಂಬುದರಿಂದ ಪೊಲೀಸರಿಗೆ ಏನೂ ಸಿಗುವುದಿಲ್ಲ. ‘ನಿಲ್ಲಿಸಿದ್ದ ಮೂರು ಕಾರಿನ ಬಾಗಿಲು ಎಳೆದು ನೋಡಿದ’ ಎಂದರೆ ಸಿಗುತ್ತದೆ. ಬಟ್ಟೆ, ಭಾಷೆ, ಗಡ್ಡ, ಮೈಬಣ್ಣ, ಜಾತಿ, ಧರ್ಮ ಬಿಟ್ಟರೆ ಹೇಳಲು ಬೇರೇನೂ ಉಳಿಯದಿದ್ದರೆ ಫೋನ್ ಮಾಡಬೇಡಿ. ಬೆಳಕು ಹರಿಯುವ ಮೊದಲೇ ಬುಡಬುಡಿಕೆಯವರು ಬರುತ್ತಾರೆ. ಚಿಂದಿ ಆಯುವವರು ಗೇಟಿನ ಬಳಿ ಬಗ್ಗಿ ನೋಡುತ್ತಾರೆ. ಕಬ್ಬು ಕಟಾವಿನ ಕಾಲಕ್ಕೆ ಮಂಡ್ಯದ ಹಳ್ಳಿಗಳಿಗೆ ಹೊರಗಿನ ಕೂಲಿಯವರು ಗುಂಪಾಗಿ ಬಂದಿಳಿಯುತ್ತಾರೆ. ಮೈಸೂರಿನ ಪ್ರತಿ ಬಡಾವಣೆಗೂ ಒಂದೊಂದು ‘3ನೇ ಕ್ರಾಸ್’ ಇರುವುದರಿಂದ ಪಾರ್ಸೆಲ್ ಹುಡುಗರು ಅದೇ ಬೀದಿಯಲ್ಲಿ ನಾಲ್ಕು ಸುತ್ತು ಹೊಡೆಯುತ್ತಾರೆ. ಇದೆಲ್ಲ ಅವರವರ ಹೊಟ್ಟೆಪಾಡು.

ಅನುಮಾನಕ್ಕೆ ಆಧಾರವಿದ್ದರೂ ಖಚಿತವಾಗದಿದ್ದರೆ ಮನೆಯೊಳಗಿನಿಂದಲೇ ಐದು ನಿಮಿಷ ಗಮನಿಸಿ. ಹಗಲಾಗಿದ್ದು ಜೊತೆಗೆ ಇನ್ನೊಬ್ಬರಿದ್ದರೆ, ‘ಯಾರ ಮನೆ ಬೇಕಿತ್ತು?’ ಎಂದು ಗೇಟಿನ ಒಳಗಿನಿಂದ ಕೇಳುವುದೂ ಒಳ್ಳೆಯದೇ. ವಿಳಾಸ ಹುಡುಕುವವರು ಹೆಸರು ಹೇಳುತ್ತಾರೆ. ಬೇರೆ ಉದ್ದೇಶದವರು ಬಾಯಿಗೆ ಬಂದ ಹೆಸರು ಹೇಳಿ ಅಲ್ಲಿಂದ ಜಾಗ ಖಾಲಿ ಮಾಡುತ್ತಾರೆ. ಹಾಗೆ ಹೊರಟವರ ಬೆನ್ನು ಹತ್ತಬೇಡಿ, ಗಾಡಿಯ ನಂಬರ್ ಬರೆದುಕೊಳ್ಳಿ.

ಕಾಯದೆ ಫೋನ್ ಮಾಡಬೇಕಾದವು

ಸರಗಳ್ಳರ ವಿಷಯದಲ್ಲಿ ಐದು ನಿಮಿಷವೂ ಹೆಚ್ಚು. ಹೆಲ್ಮೆಟ್ ತೆಗೆಯದ ಇಬ್ಬರು, ಒಂದೇ ಬೈಕು. ರಂಗೋಲಿ ಬಿಡುವ ಅಥವಾ ವಾಕಿಂಗ್ ಹೊರಟ ಹೆಂಗಸರ ಹತ್ತಿರ ನಿಧಾನಿಸುತ್ತಾರೆ, ಹಾದುಹೋಗುತ್ತಾರೆ, ತಿರುಗಿ ಬರುತ್ತಾರೆ. ಹಿಂದೆ ಕುಳಿತವನು ವಿಳಾಸ ಕೇಳುವ ನೆಪದಲ್ಲಿ ಇಳಿಯುತ್ತಾನೆ, ಮುಂದಿನವನು ಎಂಜಿನ್ ಆರಿಸುವುದಿಲ್ಲ. ನಂಬರ್ ಪ್ಲೇಟ್ ಮಡಚಿದ್ದರೆ ಅಥವಾ ಮಣ್ಣು ಮೆತ್ತಿದ್ದರೆ ಇನ್ನೇನೂ ಯೋಚಿಸಬೇಡಿ.

ಇನ್ನೊಂದು, ಚಿನ್ನ ಪಾಲಿಶ್ ಮಾಡಿಕೊಡುವವರು. ಮೊದಲು ಹಿತ್ತಾಳೆ ದೀಪ ಉಜ್ಜಿ ಥಳಥಳ ಮಾಡುತ್ತಾರೆ, ಆಮೇಲೆ ಬೆಳ್ಳಿ ಕಾಲ್ಗೆಜ್ಜೆ, ಕೊನೆಗೆ ಮಾಂಗಲ್ಯದ ಸರ. ಚಿನ್ನ ಕರಗಿಸುವ ದ್ರಾವಣದಲ್ಲಿ ಸರವನ್ನು ಅದ್ದಿ, ಅರಿಶಿನದ ಡಬ್ಬಿಯಲ್ಲಿ ಹಾಕಿ, ‘ಅರ್ಧ ಗಂಟೆ ಮುಚ್ಚಳ ತೆಗೀಬೇಡಿ ಅಮ್ಮ’ ಎನ್ನುತ್ತಾರೆ. ಆ ಅರ್ಧ ಗಂಟೆ ಅವರು ಊರು ದಾಟಲು. ತೆಗೆದು ನೋಡಿದರೆ ಸರದ ತೂಕ ಇಳಿದಿರುತ್ತದೆ. ಬೀದಿಗೆ ಬಂದಾಗಲೇ ಫೋನ್ ಮಾಡಿ. ಮೋಸ ಆಗಿಹೋಗಿದ್ದರೆ, ಅವರು ಬಿಟ್ಟುಹೋದ ನೀರು, ಪುಡಿ, ಬಟ್ಟೆ ಯಾವುದನ್ನೂ ಚೆಲ್ಲಬೇಡಿ, ತೊಳೆಯಬೇಡಿ. ಅದೇ ಸಾಕ್ಷ್ಯ. ‘ನಾವು ಪೊಲೀಸರು, ಮುಂದೆ ಗಲಾಟೆ ಆಗಿದೆ, ಒಡವೆ ಬಿಚ್ಚಿ ಕೊಡಿ, ಕಾಗದದಲ್ಲಿ ಕಟ್ಟಿಕೊಡ್ತೀವಿ’ ಎನ್ನುವವರೂ ಇದೇ ಸಾಲಿನವರು. ನಿಜವಾದ ಪೊಲೀಸರು ಯಾರ ಒಡವೆಯನ್ನೂ ಪೊಟ್ಟಣ ಕಟ್ಟುವುದಿಲ್ಲ.

ಹುಡುಗಿಯೊಬ್ಬಳನ್ನು ದಿನವೂ ಬಸ್ ನಿಲ್ದಾಣದಿಂದ ಹಿಂಬಾಲಿಸುವವನು, ಶಾಲೆಯ ಗೇಟಿನಲ್ಲಿ ಮಕ್ಕಳಿಗೆ ತಿಂಡಿ ತೋರಿಸಿ ಕರೆಯುವವನು, ಬೀಗ ಹಾಕಿದ ಮನೆಯ ಕಾಂಪೌಂಡ್ ಹಾರುವವನು, ಕೈಯಲ್ಲಿ ಲಾಂಗು, ಮಚ್ಚು ಹಿಡಿದು ಕೂಗಾಡುವವನು: ಇವಕ್ಕೆ ವಿವರಣೆ ಬೇಕಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದ ಮೇಲಂತೂ ತಿಳಿಸುವುದು ನಮ್ಮ ಇಷ್ಟಕ್ಕೆ ಬಿಟ್ಟಿದ್ದಲ್ಲ. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅದು ಕಡ್ಡಾಯ.

ದಸರಾ ಗುಂಪಿನಲ್ಲೋ ಬಸ್ ನಿಲ್ದಾಣದಲ್ಲೋ ವಾರಸುದಾರರಿಲ್ಲದ ಬ್ಯಾಗು ಕಂಡರೆ ‘ಯಾರದ್ದು ಇದು?’ ಎಂದು ಒಮ್ಮೆ ಗಟ್ಟಿಯಾಗಿ ಕೇಳಿ. ಉತ್ತರ ಬಾರದಿದ್ದರೆ ಮುಟ್ಟದೆ, ಕಾಲಿನಿಂದ ಸರಿಸದೆ, ಸುತ್ತಲಿನವರನ್ನು ದೂರ ಕಳಿಸಿ ಪೊಲೀಸರಿಗೆ ಹೇಳಿ. 2016ರ ಆಗಸ್ಟ್ 1ರಂದು ಮೈಸೂರು ನ್ಯಾಯಾಲಯದ ಆವರಣದ ಶೌಚಾಲಯದಲ್ಲಿ ಬಾಂಬ್ ಸಿಡಿದಿದ್ದನ್ನು ನೋಡಿದ ಊರಿದು, ‘ಇಲ್ಲೆಲ್ಲ ಯಾರು ಇಡ್ತಾರೆ’ ಎನ್ನುವಂತಿಲ್ಲ.

ಕುಡಿದವರಂತೆ ಕಂಡವರೆಲ್ಲ ಕುಡಿದವರಲ್ಲ

ಫುಟ್‌ಪಾತ್‌ನಲ್ಲಿ ತೂರಾಡುವವರ ಮಾತು ತೊದಲುತ್ತಿದೆ, ಮೈ ಬೆವೆತಿದೆ, ಆದರೆ ವಾಸನೆ ಇಲ್ಲ ಎಂದರೆ ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಅಂಶ ಕುಸಿದಿರಬಹುದು. ಎಚ್ಚರವಿದ್ದು ನುಂಗುವಂತಿದ್ದರೆ ಸಕ್ಕರೆ ನೀರು ಕುಡಿಸಿ, ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಬಾಯಿ ಒಂದು ಕಡೆ ವಾಲಿದ್ದರೆ, ಒಂದು ಕೈ ಏಳದಿದ್ದರೆ ಅದು ಪಾರ್ಶ್ವವಾಯು ಇರಬಹುದು. ಆಗಲೂ 108, ಒಂದು ನಿಮಿಷವೂ ತಡ ಮಾಡಬೇಡಿ. ಮರೆವಿನ ಕಾಯಿಲೆಯ ಹಿರಿಯರು ಮನೆ ದಾರಿ ತಪ್ಪಿ ಅಲೆಯುತ್ತಿದ್ದರೆ ಕೂರಿಸಿ ನೀರು ಕೊಡಿ, ಜೇಬಿನಲ್ಲಿ ಚೀಟಿಯಿದೆಯೇ ಕೇಳಿ, 112ಕ್ಕೆ ತಿಳಿಸಿ.

ತನ್ನಷ್ಟಕ್ಕೆ ಮಾತಾಡಿಕೊಂಡು ಅಲೆಯುವ ಮಾನಸಿಕ ಅಸ್ವಸ್ಥರನ್ನು ಪೊಲೀಸರಿಗೆ ‘ಹಿಡಿದು ಕೊಡುವ’ ಮಾತೇ ತಪ್ಪು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ ಇಂಥವರನ್ನು ಲಾಕಪ್‌ಗೆ ಹಾಕುವಂತಿಲ್ಲ, ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ‘ಅಪಾಯಕಾರಿ ಹುಚ್ಚ’ ಎಂದು ಫೋನಿನಲ್ಲಿ ಹೇಳಿದರೆ ಬರುವವರು ಲಾಠಿ ಹಿಡಿದೇ ಇಳಿಯುತ್ತಾರೆ. ‘ಹುಷಾರಿಲ್ಲದವರು, ಯಾರನ್ನೂ ಹೊಡೆದಿಲ್ಲ, ರಸ್ತೆ ಮಧ್ಯೆ ಕೂತಿದ್ದಾರೆ’ ಎನ್ನಿ. ನಾಲೆ ಏರಿಯ ಮೇಲೆ ಚಪ್ಪಲಿ ಬಿಟ್ಟು ಒಬ್ಬರೇ ಅಳುತ್ತ ಕೂತವರಿಗೂ 112. ಪೊಲೀಸರು ಬರುವ ತನಕ ಮಾತಾಡಿಸುತ್ತಿರಿ, ನೀರಿಗೆ ಮಾತ್ರ ಇಳಿಯಬೇಡಿ. ವಿಶ್ವೇಶ್ವರಯ್ಯ ನಾಲೆಯ ಸೆಳೆತ ಈಜು ಬಲ್ಲವರನ್ನೂ ಬಿಟ್ಟಿಲ್ಲ. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416, ಮಕ್ಕಳ ವಿಷಯಕ್ಕೆ 1098, ಮಹಿಳೆಯರಿಗೆ 181.

ಫೋನಿನಲ್ಲಿ ಏನು ಹೇಳಬೇಕು

ಮೊದಲು ಜಾಗ, ಆಮೇಲೆ ಉಳಿದದ್ದು. ಲೈನ್ ಕಡಿದುಹೋದರೂ ಜಾಗ ಗೊತ್ತಿದ್ದರೆ ಪೊಲೀಸ್ ಗಾಡಿ ಹೊರಡುತ್ತದೆ. ಬರೀ ‘3ನೇ ಕ್ರಾಸ್’ ಎನ್ನಬೇಡಿ. ಊರು, ಬಡಾವಣೆ, ಬ್ಲಾಕ್, ಮುಖ್ಯರಸ್ತೆ, ಪಕ್ಕದ ನಂದಿನಿ ಬೂತೋ ದೇವಸ್ಥಾನವೋ ಎಲ್ಲ ಸೇರಿಸಿ. ಬೆಂಗಳೂರು-ಮೈಸೂರು ಹೆದ್ದಾರಿಯಾದರೆ ಕಿಲೋಮೀಟರ್ ಕಲ್ಲಿನ ಸಂಖ್ಯೆ ಮತ್ತು ಯಾವ ಕಡೆಗೆ ಹೋಗುವ ಪಥ ಎಂಬುದು ಮುಖ್ಯ. ತಪ್ಪು ಪಥಕ್ಕೆ ಬಂದ ಗಾಡಿ ತಿರುಗಿ ಬರಲು ಬಹಳ ದೂರ ಸುತ್ತಬೇಕಾಗುತ್ತದೆ.

ಆಮೇಲೆ ಹೀಗೆ: ‘ಇಬ್ಬರು, ಕಪ್ಪು ಬೈಕು, ಕೆಎ 09, ಕೊನೆಯ ನಾಲ್ಕು ಅಂಕಿ ಇಷ್ಟು. ಹಿಂದಿನವನಿಗೆ ಕೆಂಪು ಟೀ ಶರ್ಟ್. ಎರಡು ನಿಮಿಷದ ಹಿಂದೆ ರಿಂಗ್ ರಸ್ತೆ ಕಡೆ ಹೋದರು. ಕೈಯಲ್ಲಿ ಆಯುಧ ಕಾಣಲಿಲ್ಲ.’ ನಂಬರ್ ಪೂರ್ತಿ ಸಿಗದಿದ್ದರೆ ಕೊನೆಯ ನಾಲ್ಕಂಕಿಗೇ ಕಣ್ಣು ನೆಡಿ. ಕೆಎ 09 ಮತ್ತು 55 ಮೈಸೂರಿನವು, ಕೆಎ 11 ಮಂಡ್ಯದ್ದು, ಅವನ್ನು ಆಮೇಲೆ ಹೊಂದಿಸಿಕೊಳ್ಳಬಹುದು. ಕಂಡಿದ್ದು ಬೇರೆ, ಊಹಿಸಿದ್ದು ಬೇರೆ. ‘ಕಳ್ಳರು’ ಎನ್ನುವುದು ಊಹೆ. ಕರೆ ಮುಗಿದ ಮೇಲೆ ಫೋನ್ ಬಿಡುವಾಗಿಟ್ಟುಕೊಳ್ಳಿ, ಗಾಡಿಯವರು ದಾರಿ ಕೇಳಲು ಅದೇ ನಂಬರಿಗೆ ಮಾಡುತ್ತಾರೆ. ಅಷ್ಟರಲ್ಲಿ ಅನುಮಾನ ಬಂದವರು ಹೊರಟುಹೋದರೆ ಮತ್ತೆ ಕರೆ ಮಾಡಿ ಹೇಳಿ.

ತುರ್ತಿಲ್ಲದ ಸಂಗತಿಗಳಿಗೆ, ಅಂದರೆ ಖಾಲಿ ಸೈಟಿನಲ್ಲಿ ದಿನಾ ರಾತ್ರಿ ಸೇರುವ ಗುಂಪು, ವಾರದಿಂದ ಅಲುಗಾಡದ ಕಾರು, ಇಂಥವಕ್ಕೆ 112 ಬೇಡ. ಬೀಟ್ ಪೊಲೀಸರಿಗೆ ಹೇಳಿ, ಇಲ್ಲವೇ ಠಾಣೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ದಿನಾಂಕ, ಸಮಯ ಬರೆದಿಟ್ಟುಕೊಂಡ ಅರ್ಜಿಗೆ ತೂಕ ಹೆಚ್ಚು.

ಹಿಡಿಯುವುದು, ಕಟ್ಟಿಹಾಕುವುದು

2018ರಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಅಮಾಯಕರೊಬ್ಬರನ್ನು ಹೊಡೆದು ಕೊಂದಿತು. ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣ. ಹಾಗಾಗಿ ವಾಟ್ಸ್‌ಆ್ಯಪ್ ಗುಂಪಿಗೆ ಫೋಟೊ ಹಾಕುವುದನ್ನು ಬಿಡಿ, ಪೊಲೀಸರು ಕೇಳಿದರೆ ಅವರಿಗೆ ಕಳಿಸಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್ ಸಾರ್ವಜನಿಕರಿಗೂ ಹಿಡಿಯುವ ಅಧಿಕಾರ ಕೊಟ್ಟಿದೆ ನಿಜ. ಆದರೆ ಅದು ನಿಮ್ಮ ಕಣ್ಣೆದುರೇ ಜಾಮೀನುರಹಿತ, ಸಂಜ್ಞೇಯ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ) ಅಪರಾಧ ನಡೆದಾಗ ಅಥವಾ ನ್ಯಾಯಾಲಯದಿಂದ ಘೋಷಿತ ಅಪರಾಧಿ ಸಿಕ್ಕಾಗ ಮಾತ್ರ. ಹಿಡಿದವರನ್ನು ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹೊಡೆಯುವ ಹಕ್ಕು ಅದರಲ್ಲಿಲ್ಲ.

‘ತಪ್ಪು ಮಾಹಿತಿ ಆದರೆ ನನ್ನ ಮೇಲೇ ಕೇಸು ಹಾಕಿದರೆ?’ ಎಂಬ ಅಂಜಿಕೆ ಬೇಡ. ಭಾರತೀಯ ನ್ಯಾಯ ಸಂಹಿತೆಯ 217ನೇ ಸೆಕ್ಷನ್ ಶಿಕ್ಷಿಸುವುದು ಸುಳ್ಳೆಂದು ಗೊತ್ತಿದ್ದೂ ಹೇಳಿದವರನ್ನು. ಕಂಡದ್ದನ್ನು ಕಂಡಂತೆ ಹೇಳಿದವರಿಗೆ ಅದು ತಗಲುವುದಿಲ್ಲ. ಪಕ್ಕದ ಮನೆಯವರ ಮೇಲಿನ ಹಗೆ ತೀರಿಸಿಕೊಳ್ಳಲು ಫೋನ್ ಎತ್ತಿದವರಿಗೆ ತಗಲುತ್ತದೆ.

ಆಮೇಲೆ

ನಿಮ್ಮ ಮನೆಯ ಸಿಸಿಟಿವಿಯಲ್ಲಿ ಘಟನೆ ದಾಖಲಾಗಿದ್ದರೆ ಅಂದೇ ಪ್ರತಿ ತೆಗೆದಿಡಿ. ಹಾರ್ಡ್ ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೆಯೇ ಹೊಸದು ದಾಖಲಾಗುತ್ತದೆ. ಡಿವಿಆರ್ (ಕ್ಯಾಮೆರಾದ ದೃಶ್ಯ ದಾಖಲಿಸುವ ಪೆಟ್ಟಿಗೆ) ಗಡಿಯಾರ ಮತ್ತು ಮೊಬೈಲ್ ಗಡಿಯಾರಕ್ಕೆ ಎಷ್ಟು ನಿಮಿಷ ವ್ಯತ್ಯಾಸವಿದೆ ಎಂಬುದನ್ನೂ ಬರೆದಿಡಿ. ಹತ್ತು ನಿಮಿಷ ಮುಂದಿರುವ ಕ್ಯಾಮೆರಾದಿಂದ ಇಡೀ ದಾರಿಯ ಲೆಕ್ಕ ತಪ್ಪುತ್ತದೆ.

ದೂರು ನೀವೇ ಕೊಟ್ಟಿದ್ದರೆ ಓದಿ ನೋಡಿ ಸಹಿ ಹಾಕಿ, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಘಟನೆ ನಡೆದದ್ದು ‘ನಮ್ಮ ಸರಹದ್ದಲ್ಲ’ ಎಂದರೆ ಝೀರೊ ಎಫ್‌ಐಆರ್ (ಸರಹದ್ದು ನೋಡದೆ ಯಾವ ಠಾಣೆಯಲ್ಲಾದರೂ ದಾಖಲಿಸುವ ದೂರು) ಕೇಳಿ, ಊರ ಹೊರಗಿನ ಹೊಸ ಬಡಾವಣೆಗಳಲ್ಲಿ ಈ ಮಾತು ಆಗಾಗ ಬರುತ್ತದೆ. ಸಾಕ್ಷಿಯಾಗಿ ಹೇಳಿಕೆ ಕೊಡುವಾಗ ಮಾತ್ರ ಪೊಲೀಸರು ಬರೆದುಕೊಂಡದ್ದಕ್ಕೆ ಸಹಿ ಹಾಕಬೇಕಿಲ್ಲ. ಮಹಿಳೆಯರನ್ನು, 60 ದಾಟಿದ ಗಂಡಸರನ್ನು, 15 ತುಂಬದ ಹುಡುಗರನ್ನು ಹೇಳಿಕೆಗೆಂದು ಠಾಣೆಗೆ ಬರಲೇಬೇಕು ಎನ್ನುವಂತಿಲ್ಲ, ಪೊಲೀಸರೇ ಮನೆಗೆ ಬರಬೇಕು.